ಮಂದಿ ಮೊದಲು ಎಂದವನು

ನಾಲ್ಕು ವರ್ಷದ ಹಿಂದೆ, ನನಗೆ ಅರವತ್ತೆಂಟಿದ್ದಾಗ, ಕೊಟ್ಟೂರಿನಲ್ಲಿ ಅವನನ್ನು ನೋಡಿದೆ. ಕಾರಿನ ಮೇಲೆ ಕೂರಿಸುವ ಸಾಮಾನಿನ ಪೆಟ್ಟಿಗೆ ಮಾರುತ್ತಿದ್ದ. ಸಾಮಾನು ತಾರದೆ ಬಂದವರಿಗೆ ಪೆಟ್ಟಿಗೆ ತೋರಿಸುತ್ತಲೇ ಇರಲಿಲ್ಲ. ತಂದದ್ದನ್ನೆಲ್ಲ ಕೆಳಗಿಳಿಸಿ, ಹೆಗಲ ಟವಲಿನಿಂದ ಸೀಟು ಒರೆಸಿ, "ಮೊದಲ ಮಂದಿ ಕುಂದರಲಿ, ಆಮ್ಯಾಲೆ ಗಂಟು" ಎನ್ನುತ್ತಿದ್ದ.

ನನ್ನ ಮಗ ಹೆಂಡತಿ ಮಕ್ಕಳೊಂದಿಗೆ ಕೆರೆದಂಡೆಯಲ್ಲಿ ಡೇರೆ ಹಾಕಿ ಇರಲು ಹೊರಟಿದ್ದ. ಡೇರೆ, ಹಾಸಿಗೆ ಹಿಂದಿನ ಸೀಟಿಗೆ, ಉಳಿದದ್ದು ಮೇಲಿನ ಪೆಟ್ಟಿಗೆಗೆ ಎಂದು ಅವನ ಲೆಕ್ಕ. ನಾನು ಮನೆಯಲ್ಲಿ ಎಮ್ಮೆ ನೋಡಿಕೊಳ್ಳಬೇಕೆಂದು ಆಗಿತ್ತು. ಕುರಿಯ ಹಿಂದೆ ಬಯಲಲ್ಲೇ ಮಲಗಿ ಬೆಳೆದವಳು ನಾನು. ನನಗೂ ಹೋಗಬೇಕಿತ್ತು. ಪೆಟ್ಟಿಗೆ ಕೊಳ್ಳಲು ಅಂಗಡಿಗೆ ಮಾತ್ರ ಜೊತೆಗೆ ಬಂದಿದ್ದೆ. ಮಗ ಚಂದ ಕಾಣುತ್ತದೆಂದು ಸಣ್ಣ ಪೆಟ್ಟಿಗೆಯನ್ನು ತೋರಿಸಿದ.

"ಅಜ್ಜಿ ಎಲ್ಲಿ ಕುಂದರ್ತಾಳ್ರಿ?" ಎಂದು ಅಂಗಡಿಯವನು ಕೇಳಿದ.

"ಅವ್ವ ಬರಂಗಿಲ್ರಿ, ಜಾಗ ಇಲ್ಲ."

"ಜಾಗ ಮಾಡಾಕ ಅಲ್ಲೇನ್ರಿ ಪೆಟ್ಟಿಗಿ ತಗಳ್ಳಾದು? ಹತ್ರಿ ಯವ್ವಾ."

"ಕರದಾವ ನೀನು, ಇವನಲ್ಲ" ಎಂದೆ.

ಮಗ ನಕ್ಕುಬಿಟ್ಟ. "ಹತ್ತಬೇ, ನಾನೂ ಕರೀತೀನಿ."

ಹತ್ತಿದೆ. ಡೇರೆ, ಹಾಸಿಗೆ ಎರಡೂ ಹಿಡಿಯುವ ದೊಡ್ಡ ಪೆಟ್ಟಿಗೆಯನ್ನು ಅಂಗಡಿಯವನು ಕಾರಿನ ಮೇಲೆ, ನನ್ನ ತಲೆಗೆ ಸರಿಯಾಗಿ ಕೂರಿಸಿ, ಬಡಿದು ನೋಡಿದ.

ಮರುದಿನ ಬೆಳಿಗ್ಗೆ ಎಮ್ಮೆಯ ಹಗ್ಗವನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟು, ಎಲ್ಲರಿಗಿಂತ ಮೊದಲು ಹೋಗಿ ಕಾರಿನಲ್ಲಿ ಕುಳಿತೆ.