ಅಕ್ಕೋರು ಚರಗ ಚೆಲ್ಲಿದ ಜಾಗ

ಇಳಕಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಕಿರುಬೆರಳಿಗೆ ಆಣಿಯಾಗಿತ್ತೆಂದು ಎಡಗಾಲಿನ ಬೂಟಿನ ಮಗ್ಗುಲನ್ನು ಕತ್ತರಿಯಿಂದ ಕತ್ತರಿಸಿ ಕಿಂಡಿ ಮಾಡಿಕೊಂಡಿದ್ದರು. ನಡೆಯುವಾಗ ಆ ಬೆರಳು ಹೊರಗೆ ಇಣುಕುತ್ತಿತ್ತು. ನಮ್ಮ ಪಕ್ಕದ ಮನೆಯ ಅಕ್ಕೋರನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಕಾಲು. ಕಿನ್ನಾಳದ ಹೆಣ್ಣುಮಗಳು, ಸರ್ಕಾರಿ ಸಾಲಿಯಲ್ಲಿ ನನಗೆ ಓದು, ಗಣಿತ ಎರಡೂ ಕಲಿಸಿದವರು. ಲೆಕ್ಕ ತಪ್ಪಿದರೆ ಬೈಯುತ್ತಿರಲಿಲ್ಲ, ಮಗ್ಗುಲಲ್ಲಿದ್ದವಳದು ನೋಡಿ ಬರೆದರೆ ಮಾತ್ರ ಬಿಡುತ್ತಿರಲಿಲ್ಲ. ಇನ್ನೊಬ್ಬರದು ತನ್ನದು ಅನ್ನೋದು ಅಲ್ಲಿಂದನ ಚಾಲೂ ಆಗ್ತೈತಿ ಅನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಅವರಿಗೆ ಸಕ್ಕರೆ ಕಾಯಿಲೆ ಹತ್ತಿತು. ದಿನಾ ಗಾರ್ಡನ್ನಿನಾಗ ಅಡ್ಡಾಡ್ರಿ ಅಂದರಂತೆ ಡಾಕ್ಟರು. ಯಾವ ಗಾರ್ಡನ್ ರೀ ಅಂತ ಅಕ್ಕೋರು ಕೇಳಿದರೆ ಅವರಿಗೂ ಹೇಳಲು ಬರಲಿಲ್ಲವಂತೆ. ಮನೆಗೆ ಬಂದವರೇ ನನ್ನನ್ನು ಕರೆದು, ಊರಾಗ ಎಷ್ಟು ಗಾರ್ಡನ್ ಅದಾವೋ ಅಷ್ಟಕ್ಕೂ ನಡಕೊಂಡು ಹೋಗಿ ಬರೋದು, ಆಟೋ ಹತ್ತಂಗಿಲ್ಲ ಎಂದು ಪಣ ತೊಟ್ಟರು. ಗೇಟಿನಿಂದ ಇಣುಕಿ ಬಂದರೆ ಹೋದಂಗಲ್ಲ, ಒಳಗೆ ಕೂತು ಬುತ್ತಿ ಬಿಚ್ಚಿ ಉಂಡರೆ ಮಾತ್ರ ಹೋದ ಲೆಕ್ಕ. ಇದು ಅವರ ನೇಮ. ನನ್ನನ್ನೂ ಜೊತೆಗೆ ಎಳೆದುಕೊಂಡರು.

ಏನು ಕಂಡೆವು ಅಂತೀರಿ! ಒಂದರಲ್ಲಿ ಉದ್ಘಾಟನೆಯ ಕಲ್ಲು ಮಿರಿಮಿರಿ ಮಿಂಚುತ್ತಿತ್ತು, ಹಿಂದೆ ಬರೀ ಜಾಲಿಕಂಟಿ. ಒಂದರಲ್ಲಿ ಯಾರೋ ಜಲ್ಲಿ, ಪೈಪು ಸುರುವಿಟ್ಟಿದ್ದರು. ಇನ್ನೊಂದರಲ್ಲಿ ಹುಡುಗರ ಜಾರುಬಂಡಿಗೆ ಎಮ್ಮೆ ಕಟ್ಟಿತ್ತು. ಮತ್ತೊಂದಕ್ಕೆ ಬೀಗ. ಬೀಗದ ಕೈ ಎದುರಿನ ಪಾನ್ ಅಂಗಡಿಯವನ ಹತ್ತಿರ ಇದೆ, ಅವನು ಊರಿಗೆ ಹೋಗ್ಯಾನ ಅಂದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಮೇಲೆ ಕೊಪ್ಪಳ ಸೀಮೆಯ ಬಿಸಿಲು ಬೇರೆ. ಅಕ್ಕೋರು ಮಾತ್ರ ಅಂಗಡಿ ಕಟ್ಟೆಯ ಮೇಲೆ ಕೂತೇಬಿಟ್ಟರು, ಅಂವ ಬರೋತನ ಏಳಂಗಿಲ್ಲ ಅಂತ. ಸಂಜೆಗೆ ಅವನು ಬಂದ, ಬೀಗ ತೆಗೆದ, ನಾವು ಒಳಗೆ ಹೋಗಿ ಉಂಡೆವು.

ಉಣ್ಣುವ ಮುಂಚೆ ಅವರು ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ಸಜ್ಜೆರೊಟ್ಟಿ, ಪುಂಡಿಪಲ್ಯ ಮುರಿದು ಕಲಸಿ ನಾಲ್ಕೂ ದಿಕ್ಕಿಗೆ ತುತ್ತು ಚೆಲ್ಲುತ್ತಿದ್ದರು. ಚರಗ. ಎಳ್ಳಮಾವಾಸ್ಯೆಗೆ ಅವರವರ ಹೊಲದಲ್ಲಿ ಭೂತಾಯಿಗೆ ಚೆಲ್ಲುತ್ತೇವಲ್ಲ, ಅದೇ. ಇದೇನು ಹೊಲಾನ್ರಿ ಅಕ್ಕೋರ ಎಂದು ನಾನು ನಕ್ಕೆ. ಊರ ಮಂದಿದು ಹೊಲಾನ ಇದು, ಉಳೋರಿಲ್ಲ ಅಷ್ಟ, ಅಂದರು.

ನಮ್ಮ ಬಡಾವಣೆಯದೇ ಒಂದು ಗಾರ್ಡನ್ ಇದೆಯಲ್ಲ, ಮಗ್ಗುಲಿನದು ಎಂದು ಅದನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಹೋಗಿ ನೋಡಿದರೆ 'ಉದ್ಯಾನವನಕ್ಕೆ ಕಾಯ್ದಿರಿಸಿದ ಜಾಗ' ಎಂಬ ಹಸಿರು ಬೋರ್ಡು ಗಟಾರದ ಮೇಲೆ ಮಕಾಡೆ ಬಿದ್ದಿತ್ತು, ಅದನ್ನೇ ತುಳಿದು ದಾಟುತ್ತಿದ್ದರು. ಒಳಗೆ ಅಂಗಡಿ ಸಾಲು ಕಟ್ಟಲು ಸುಣ್ಣದ ಗೆರೆ ಹಾಕಿ, ಬುನಾದಿ ತೋಡುವ ಆಳುಗಳು ಗುದ್ದಲಿ ಹಿಡಿದು ನಿಂತಿದ್ದರು. ಇದು ಯಾರ ಕೆಲಸ ಎಂದು ಇಡೀ ಬಡಾವಣೆಗೆ ಗೊತ್ತಿತ್ತು. ನಮ್ಮಲ್ಲೇ ಒಬ್ಬ ಮುಖಂಡ, ಯಾರ ಮನೆಯ ಜಗಳವಿದ್ದರೂ ನಡುವೆ ಕೂರುವವನು. ಗಂಡಸರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು. ನಮ್ಮ ಮಕ್ಕಳಿಗೆ ಆಡಲು, ಅಕ್ಕೋರಿಗೆ ಅಡ್ಡಾಡಲು ಇದ್ದದ್ದು ಅದೊಂದೇ ಜಾಗ.

ಅಕ್ಕೋರು ಸುಣ್ಣದ ಗೆರೆಯ ನಟ್ಟನಡುವೆ ಕೂತು ಬುತ್ತಿ ಬಿಚ್ಚಿದರು. ಚರಗ ಚೆಲ್ಲಿದರು. ಆಳುಗಳು ಇರಕಲ್ಲಗಡ ಕಡೆಯ ರೈತಾಪಿ ಮಂದಿ, ಮುಖ ಮುಖ ನೋಡಿಕೊಂಡು ಗುದ್ದಲಿ ಕೆಳಗಿಟ್ಟರು. ಈಗಷ್ಟ ಚರಗ ಚೆಲ್ಲಿದ ನೆಲ, ಇವತ್ತ ಅಗಿಯೋದು ಬ್ಯಾಡ್ರಿ ಎಂದ ಒಬ್ಬ. ಅಷ್ಟರಲ್ಲಿ ಮುಖಂಡ ಗಾಡಿ ಮೇಲೆ ಬಂದ.

“ಅಕ್ಕೋರ, ಯಾರ ಜಾಗದಾಗ ಚರಗ ಚೆಲ್ಲಾಕತ್ತೀರಿ?”

ಅವರು ರೊಟ್ಟಿ ಮುರಿಯುತ್ತಲೇ ಹೇಳಿದರು: “ಎಳ್ಳಮಾಸಿ ಮೊನ್ನೆ ಆತು. ನಿಮ್ಮ ಜಾಗ ಆಗಿದ್ರ ನೀವ ಚೆಲ್ಲಿರ್ತಿದ್ರಿ. ಚೆಲ್ಲಲಿಲ್ಲ. ಅದಕ್ಕ ನಾವು ಬಂದೀವಿ.”

ಅವನೂ ಒಕ್ಕಲುತನದ ಮನೆಯವನೇ. ಬಿದ್ದ ಅನ್ನ ತುಳಿದು ಮುಂದೆ ಬರಲು ಅವನ ಕಾಲು ಏಳಲಿಲ್ಲ. ನಾಳಿ ನೋಡೋಣ ಎಂದು ಹೋದ. ಆದರೆ ಮರುದಿನ ಬೆಳಿಗ್ಗೆ ಅಕ್ಕೋರು ಮತ್ತೆ ಬುತ್ತಿ ಕಟ್ಟಿಕೊಂಡು ಹೋದರು, ನಾನೂ ಹೋದೆ. ಅದರ ಮರುದಿನ ನಮ್ಮ ಓಣಿಯ ಹೆಣ್ಣುಮಕ್ಕಳೂ ಬಂದರು. ದಿನಾ ಚರಗ, ದಿನಾ ಗುದ್ದಲಿ ಕೆಳಗೆ. ಕಡೆಗೆ ಆಳುಗಳು ಬರುವುದನ್ನೇ ಬಿಟ್ಟರು. ಸುದ್ದಿ ಮೇಲಿನವರ ತನಕ ಮುಟ್ಟಿ, ಅಳತೆಯವರು ಟೇಪು ಹಿಡಿದು ಬಂದು ಇದು ಗಾರ್ಡನ್ನಿನದೇ ಎಂದು ಬರೆದುಕೊಟ್ಟರು. ಅವತ್ತು ಅಕ್ಕೋರು ಆ ಖಾಲಿ ಜಾಗದಲ್ಲಿ ಸುತ್ತು ಹಾಕಿದ್ದೇ ಹಾಕಿದ್ದು. ಸಾಕು ಬರ್ರಿ ಎಂದು ನಾನು ಕೈ ಹಿಡಿದು ಕರೆತರಬೇಕಾಯಿತು.

ಗಿಡ ಹಚ್ಚುವುದನ್ನು ನೋಡಲು ಅವರು ಉಳಿಯಲಿಲ್ಲ. ಆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ನಾನು ತಾಯಿ ಸತ್ತಾಗಿನಷ್ಟೇ ಅತ್ತೆ.

ಈಗ ಕೇಳ್ರಿ ಮುಂದಿನದು. ಗಾರ್ಡನ್ ಆಯಿತು, ಛಲೋ ಆಯಿತು. ಉದ್ಘಾಟನೆಗೆ ಯಾರು ಹಾರ ಹಾಕಿಸಿಕೊಂಡವರು? ಅದೇ ಮುಖಂಡ. ಇದು ನನ್ನ ಬಹುದಿನದ ಕನಸು ಎಂದು ಮೈಕಿನಲ್ಲಿ ಹೇಳಿದ. ನಾಚಿಕೆ ಅನ್ನುವುದು ಒಂದಿಷ್ಟಾದರೂ ಬೇಡವೇ? ಕಲ್ಲಿನ ಮೇಲೆ ಅವನ ಹೆಸರಿದೆ, ಅಕ್ಕೋರದು ಹುಡುಕಿದರೂ ಇಲ್ಲ. ಅದು ಸಾಲದೆಂದು ಗೇಟಿಗೆ ಹೊಸ ಬೋರ್ಡು: ಒಳಗೆ ಊಟ ತಿಂಡಿ ಮಾಡುವಂತಿಲ್ಲ. ಉಂಡೇ ಉಳಿಸಿದ ಜಾಗದಲ್ಲಿ ಉಣ್ಣುವಂತಿಲ್ಲ!

ಈ ಸಲದ ಎಳ್ಳಮಾವಾಸ್ಯೆಗೆ ಓಣಿಯ ಹೆಣ್ಣುಮಕ್ಕಳೆಲ್ಲ ಬುತ್ತಿ ಕಟ್ಟಿಕೊಂಡು ಹೋದೆವು. ಹುಲ್ಲಿನ ಮೇಲೆ ಕೂತು ಚರಗ ಚೆಲ್ಲುವಾಗ ಕಾವಲುಗಾರ ಓಡಿಬಂದು, ಬೋರ್ಡು ಓದಾಕ ಬರಂಗಿಲ್ಲೇನ್ರಿ ಅಂದ.

“ಬರ್ತೈತಿ ತಮ್ಮಾ,” ಅಂದೆ. “ಓದಾಕ ಕಲಿಸಿದವರದ ಜಾಗ ಇದು. ಬೋರ್ಡು ಬರೆಸಿದವರನ್ನ ಕರಕೊಂಡು ಬಾ ಹೋಗು, ನಾವು ಇಲ್ಲೇ ಉಣ್ಣಾಕತ್ತಿರ್ತೀವಿ.”

ಕತ್ತಲಾಗುವ ತನಕ ಕೂತಿದ್ದೆವು. ಮುಖಂಡ ಬರಲಿಲ್ಲ.