ನೂರಕ್ಕೆ ಹದಿನೆಂಟು

ಕಚೇರಿಯಲ್ಲಿ ಅವರಿಗೆ ‘ಕತ್ತರಿ’ ಎಂದೇ ಹೆಸರು. ಇಪ್ಪತ್ತೆರಡು ವರ್ಷದಿಂದ ಪೇಟೆಂಟ್ ಪರೀಕ್ಷಕರು. ಪ್ಲಾಸ್ಟಿಕ್ಕಿನ ಅರ್ಜಿ ಬಂದರೆ, ಇದರಲ್ಲೇನು ಮಹಾ ಹೊಸತಿದೆ ಎಂದು ಕತ್ತರಿಸಿ ಹಾಕುವುದರಲ್ಲಿ ಎತ್ತಿದ ಕೈ. ಹೆಂಡತಿ ಹೊಸ ಅಡುಗೆ ಬಡಿಸಿದರೂ, “ಹಳೇದೇ ಇದು, ಉಪ್ಪು ಮಾತ್ರ ಜಾಸ್ತಿ” ಅನ್ನುವ ಆಸಾಮಿ!

ಅಂದು ಬೆಳಿಗ್ಗೆ ಹನ್ನೊಂದಕ್ಕೆ ಒಂದು ಅರ್ಜಿಯ ಕೊನೆಯ ವಿಚಾರಣೆ. ಎದುರಿಗೆ ಕೂತವಳು ಕ್ರೇಟು ತಯಾರಿಸುವ ಸಣ್ಣ ಕಾರ್ಖಾನೆಯ ಒಡತಿ. ವಕೀಲರಿಲ್ಲ, ಒಬ್ಬಳೇ. ಬಕೆಟ್ಟಿನ ಪ್ಲಾಸ್ಟಿಕ್ಕೂ ಕೈಚೀಲದ ಪ್ಲಾಸ್ಟಿಕ್ಕೂ ಸುಮ್ಮನೆ ಕರಗಿಸಿದರೆ ಬೆರೆಯುವುದಿಲ್ಲ. ಅವಳು ನೂರಕ್ಕೆ ಹದಿನೆಂಟು ಪಾಲು ರಬ್ಬರ್ ಹಾಕಿ ಬೆರೆಸಿದ್ದಳು. ಎಂಥ ಚಳಿಯಲ್ಲಿ ಎತ್ತಿ ಒಗೆದರೂ ಆ ಕ್ರೇಟು ಸೀಳುತ್ತಿರಲಿಲ್ಲ. ಕತ್ತರಿ ಸಾಹೇಬರ ವರದಿ ಮಾತ್ರ ಖಡಾಖಂಡಿತ: ಹಳೆಯ ಲೇಖನವೊಂದರಲ್ಲಿ ಐದು ಪಾಲು ಹಾಕಿದ್ದಾರೆ, ಅದನ್ನು ಹದಿನೆಂಟಕ್ಕೇರಿಸುವುದು ಕಸುಬು ಬಲ್ಲ ಯಾರಿಗಾದರೂ ಹೊಳೆಯುತ್ತದೆ. ಅರ್ಜಿ ಬಿದ್ದುಹೋದರೆ ಅವಳ ಕ್ರೇಟನ್ನು ಯಾರು ಬೇಕಾದರೂ ಮಾಡಿ ಮಾರಬಹುದು. ಪಕ್ಕದಲ್ಲಿದ್ದ ಮೇಲಧಿಕಾರಿ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು.

“ಕೊನೇದಾಗಿ ಏನಾದ್ರೂ ಹೇಳೋದಿದ್ಯಾ ಅಮ್ಮಾ?” ಎಂದು ಅವರೇ ಕೇಳಿದರು.

“ನಮ್ಮಣ್ಣ ನಲವತ್ತು ವರ್ಷ ಮಷಿನ್ ಮುಂದೆ ನಿಂತೋನು ಸರ್. ಹತ್ತು ದಾಟಿಸ್ಬೇಡ, ಮಾಲು ಪುಡಿಪುಡಿ ಆಗುತ್ತೆ, ತಲೆ ಕೆಟ್ಟಿದೆಯಾ ನಿಂಗೆ ಅಂತ ಕೈ ಹಿಡಿದು ನಿಲ್ಲಿಸ್ದ. ಎಲ್ಲರಿಗೂ ಹೊಳೆಯೋ ಹಾಗಿದ್ರೆ ಅವನಿಗ್ಯಾಕೆ ಹೊಳೀಲಿಲ್ಲ?”

ಹತ್ತು? ಕತ್ತರಿ ಸಾಹೇಬರು ಹಳೆಯ ಲೇಖನ ತಿರುವಿದರು. ವರದಿ ಬರೆಯುವಾಗ ಅವಳ ಹದಿನೆಂಟನ್ನು ತಲೆಯಲ್ಲಿಟ್ಟುಕೊಂಡೇ ಓದಿದ್ದರು. ಬೇಕಾದ ಅಂಕಿ ಕೋಷ್ಟಕದಲ್ಲಿ ಸಿಕ್ಕಿದ್ದೇ ತಡ, ಲೇಖನ ಮುಚ್ಚಿದ್ದರು. ಕೋಷ್ಟಕದ ಕೆಳಗೆ ಒಂದೇ ಒಂದು ಸಾಲಿತ್ತು: ಹತ್ತು ಮೀರಿದರೆ ವಸ್ತು ಪದರ ಪದರವಾಗಿ ಕಿತ್ತುಬರುತ್ತದೆ, ಆ ಕಡೆ ಹೋಗುವುದು ವ್ಯರ್ಥ. ಅಯ್ಯೋ, ದಾರಿ ತೋರಿಸಿತ್ತು ಎಂದುಕೊಂಡ ಲೇಖನವೇ ಬೇಲಿ ಹಾಕಿತ್ತು! ಈ ಸಾಲಿನ ವಿಷಯ ಅವಳಿಗೆ ಗೊತ್ತಿಲ್ಲ, ಮೇಲಧಿಕಾರಿಗೂ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಎರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು.

“ಏನ್ರೀ, ಸಹಿ ಹಾಕ್ಲಾ?”

“ಬೇಡಿ ಸರ್.” ಲೇಖನವನ್ನು ಮೇಲಧಿಕಾರಿಯ ಮುಂದಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟರು. “ಓದೋದ್ರಲ್ಲಿ ನಾನೇ ಎಡವಿದ್ದೀನಿ. ಇದು ಯಾರಿಗೂ ಸುಲಭಕ್ಕೆ ಹೊಳೆಯೋದಲ್ಲ. ಹಾಗಂತ ಈಗಲೇ ಬರ್ಕೊಡ್ತೀನಿ.”

ಮೇಲಧಿಕಾರಿ ಆ ಸಾಲನ್ನು ಎರಡು ಸಲ ಓದಿದರು. ಕತ್ತರಿಯನ್ನು ನುಂಗುವಂತೆ ನೋಡಿ, ಪೆನ್ನಿನ ಮುಚ್ಚಳ ಹಾಕಿದರು.

ಒಡತಿ ನಗಲಿಲ್ಲ. ಸೆರಗಿನಿಂದ ಕಣ್ಣೊತ್ತಿಕೊಂಡಳು.

“ಅದರದೊಂದು ನಕಲು ಇವತ್ತೇ ಕೊಡ್ತೀರಾ ಸರ್? ನಿಮ್ಮ ಮೊದಲ್ನೇ ಕಾಗದ ಓದಿದ ದಿನದಿಂದ ಅಣ್ಣ ಕಾರ್ಖಾನೆಗೆ ಕಾಲಿಟ್ಟಿಲ್ಲ. ನಲವತ್ತು ವರ್ಷ ದುಡಿದೂ ನಂಗೆ ಕಸುಬೇ ಬರಲ್ಲ ಅಂತಾಯ್ತಲ್ಲ ಅಂತ ಮೂಲೇಲಿ ಕೂತುಬಿಟ್ಟಿದ್ದಾನೆ.”