ಮೊಹಾಚ್‌ನಲ್ಲಿ ಇಳಿದುಕೊಂಡ ಅಂಬಿಗಿತ್ತಿ

ನಮ್ಮೂರಿನಲ್ಲಿ ಡಾನ್ಯೂಬ್ ಹೊಳೆಗೆ ಸೇತುವೆಯಿಲ್ಲ. ಆಚೆ ದಡದ ಏಪ್ರಿಕಾಟ್ ತೋಟಕ್ಕೆ ಹೋಗುವವರು, ಈಚೆ ದಡದ ಶಾಲೆಗೆ ಬರುವವರು, ಸೈಕಲ್ಲಿನವರು, ದ್ರಾಕ್ಷಿ ಬುಟ್ಟಿ ಹೊತ್ತವರು, ಎಲ್ಲರೂ ರೋಸ್ವಿಟಾಳ ದೋಣಿಗೇ ಕಾಯಬೇಕಿತ್ತು. ದೋಣಿಗೆ ಎಂಜಿನ್ ಇಲ್ಲ. ದಡದಿಂದ ದಡಕ್ಕೆ ಎತ್ತರದಲ್ಲಿ ಎಳೆದು ಕಟ್ಟಿದ ಉಕ್ಕಿನ ಹಗ್ಗಕ್ಕೆ ಅದು ಜೋತುಕೊಂಡಿದೆ. ಚುಕ್ಕಾಣಿಯನ್ನು ಒಂದಿಷ್ಟು ಓರೆ ಹಿಡಿದರೆ ಹೊಳೆಯೇ ಮೆಲ್ಲಗೆ ತಳ್ಳಿಕೊಂಡು ಹೋಗಿ ಆಚೆ ಮುಟ್ಟಿಸುತ್ತದೆ. ಸದ್ದೆಂದರೆ ಹಲಗೆಯ ಕೆಳಗೆ ನೀರಿನ ಗುಳುಗುಳು, ಅಷ್ಟೇ. ಎಷ್ಟೋ ಮಂದಿ ನಡುಹೊಳೆ ತಲುಪುವಷ್ಟರಲ್ಲಿ ತೂಕಡಿಸುತ್ತಿದ್ದರು.

ರೋಸ್ವಿಟಾಳಿಗೆ ಆ ಕೆಲಸ ಅಪ್ಪನಿಂದ ಬಂದದ್ದು. ಎಲುಬು ಗಟ್ಟಿಯಿರುವ, ಮಾತು ಕಡಿಮೆಯಿರುವ ಹೆಂಗಸು. ನನ್ನ ಅಣ್ಣ ಲೋಯಿಸ್ ಅವಳನ್ನು ಮದುವೆಯಾದ ಕತೆ ಊರಿಗೆಲ್ಲ ಗೊತ್ತು. ಅವನಿಗೆ ಆಚೆ ದಡದಲ್ಲಿ ಏನೇನೂ ಕೆಲಸವಿರಲಿಲ್ಲ. ಆದರೂ ಒಂದು ಬೇಸಿಗೆಯಿಡೀ ದಿನಾ ದೋಣಿ ಹತ್ತಿ ಹೋಗುವನು, ಇಳಿಯದೆ ಅದರಲ್ಲೇ ವಾಪಸು ಬರುವನು. ಕೊನೆಗೆ ಅವಳ ಅಪ್ಪನೇ ಬಾಯಿಬಿಟ್ಟು ಕೇಳಿದನಂತೆ: "ಏನಯ್ಯಾ, ನಿಂಗೆ ಹೊಳೆ ಬೇಕೋ, ಹುಡುಗಿ ಬೇಕೋ?" ಲೋಯಿಸ್ ನಾಚಿಕೆಯಿಲ್ಲದೆ "ಎರಡೂ" ಅಂದನಂತೆ.

ಒಳ್ಳೆಯ ಸಂಸಾರ ಮಾಡಿದರು. ಮಕ್ಕಳಾಗಲಿಲ್ಲ. ಒಂದು ಚಳಿಗಾಲದ ಕೊನೆಯಲ್ಲಿ ದ್ರಾಕ್ಷಿ ಬಳ್ಳಿ ಸವರುತ್ತಿದ್ದ ಲೋಯಿಸ್ ಅಲ್ಲೇ ಕುಸಿದು ಕೂತ, ಏಳಲಿಲ್ಲ. ಆಮೇಲೆ ರೋಸ್ವಿಟಾ ಇದ್ದ ಮಾತನ್ನೂ ಬಿಟ್ಟಳು. ನಾನೂ ಒಂಟಿ, ಅವಳ ಮನೆಯಿಂದ ಕೂಗಳತೆಯಲ್ಲೇ ಇರುವವಳು. ಸಂಜೆ ಸೂಪು ಒಟ್ಟಿಗೆ ಕುಡಿಯುತ್ತಿದ್ದೆವು. ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ.

ಏಪ್ರಿಲ್ ಬಂತೆಂದರೆ ನಮ್ಮ ಹೊಳೆಯಲ್ಲಿ ಪ್ರವಾಸಿಗರ ಉದ್ದುದ್ದ ಬಿಳಿ ಹಡಗುಗಳ ಸಾಲು. ಹಳೆಯ ಊರುಗಳನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ನಮ್ಮ ಇಗರ್ಜಿಯ ನೀಲಿ ಗೋಪುರ, ಬೆಟ್ಟದ ಮೇಲಿನ ಮುರುಕು ಕೋಟೆ, ಕಿಟಕಿಯ ಹೂಕುಂಡಗಳನ್ನೆಲ್ಲ ಫೋಟೋ ಹೊಡೆದುಕೊಳ್ಳುತ್ತಾರೆ. ಅವರ ಹಡಗು ದಾಟುವ ತನಕ ರೋಸ್ವಿಟಾಳ ದೋಣಿ ದಡದಲ್ಲೇ ಕಾಯಬೇಕು. "ತೇಲೋ ಹೋಟ್ಲು ಬಂತು" ಎಂದು ಗೊಣಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು.

ಅವಳು ಕೆಲಸ ಬಿಟ್ಟಾಗ ಊರಿನವರು ಸೇರಿ ಕೊಟ್ಟ ಉಡುಗೊರೆ ಅದೇ ಹೋಟ್ಲಿನದು. ಹೊಳೆಯ ಮೇಲ್ಭಾಗದ ಪಾಸಾವ್ ಊರಿನಿಂದ ಕಪ್ಪು ಸಮುದ್ರದ ಬಾಯಿಯ ತನಕ ಹೋಗಿಬರುವ ಪಯಣ, ಇಬ್ಬರಿಗೆ. ಮೇಯರ್ ಭಾಷಣ ಮುಗಿಸಿ ಲಕೋಟೆ ಕೈಗಿಟ್ಟಾಗ ಅವಳ ಮುಖ ನೋಡಬೇಕಿತ್ತು.

"ನಾನು ಹತ್ತಲ್ಲ ಬುರ್ಗಿ," ಎಂದಳು ಮನೆಗೆ ಬರುವ ದಾರಿಯಲ್ಲಿ. "ಜೀವಮಾನವೆಲ್ಲ ಆ ಹಡಗು ಹೋಗ್ಲಿ ಅಂತ ಕಾದು ಕಾದು ಸಾಕಾಗಿದೆ."

"ಈಗ ನೀನು ಹೋಗು, ಬೇರೆಯವ್ರು ಕಾಯ್ಲಿ."

"ನನ್ನ ಕೋಳಿಗಳು?"

"ಕೋಳಿಗೇನೇ ಧಾಡಿ? ಪಕ್ಕದ ಮನೆಯವ್ರು ನೋಡ್ಕೋತಾರೆ. ನಿಂಗೋಸ್ಕರ ಬೇಡ, ನಂಗೋಸ್ಕರ ಬಾ ಮಾರಾಯ್ತಿ. ನಾನು ವಿಯೆನ್ನಾದಿಂದ ಆಚೆ ಹೋದವಳೇ ಅಲ್ಲ."

ಅದಕ್ಕವಳು ಒಪ್ಪಿದಳು.

ಮೇ ತಿಂಗಳಲ್ಲಿ ಪಾಸಾವ್‌ನಲ್ಲಿ ಹಡಗು ಹತ್ತಿದೆವು. ಮರುದಿನ ಬೆಳಗಿನ ಮಂಜಿನಲ್ಲಿ ನಮ್ಮೂರೇ ಎದುರು ಬಂತು. ನಾನು ಹುಟ್ಟಿದಾರಭ್ಯ ಕಂಡ ಊರು ಅದಲ್ಲವೇ ಅಲ್ಲ ಅನ್ನಿಸಿತು. ಯಾರೋ ರಾತ್ರಿ ಕಂಡ ಕನಸನ್ನು ಹೊಳೆಯಂಚಿನಲ್ಲಿ ಒಣಗಲು ಹರವಿದ ಹಾಗಿತ್ತು. ಇಗರ್ಜಿ ಕೈಗೊಂಬೆಯಷ್ಟು. ನನ್ನ ಮನೆಯ ಹಸಿರು ಬಾಗಿಲು ಬೆರಳುಗುರಿನಷ್ಟು. ಹಡಗಿನವರೆಲ್ಲ "ಆಹಾ" ಎನ್ನುತ್ತಿದ್ದರು. ನಾನೂ "ಆಹಾ" ಎಂದುಬಿಟ್ಟೆ.

ರೋಸ್ವಿಟಾ ಮಾತ್ರ ಕಟಾಂಜನಕ್ಕೆ ಒರಗಿ ದೋಣಿಯನ್ನೇ ನೋಡುತ್ತಿದ್ದಳು. ಅವಳ ಜಾಗಕ್ಕೆ ಬಂದ ಕಿಲಿಯಾನ್ ಹಡಗನ್ನು ಕಾಣದೆ ದೋಣಿ ಬಿಟ್ಟು, ಆಮೇಲೆ ಗಾಬರಿಬಿದ್ದು ತಡಕಾಡುತ್ತಿದ್ದ.

"ತಿರುಗ್ಸೋ! ಎಡಕ್ಕೆ ತಿರುಗ್ಸೋ, ಕತ್ತೆ!" ಎಂದು ಅವಳು ಹಾಕಿದ ಕೂಗಿಗೆ ಪಕ್ಕದ ಕುರ್ಚಿಯ ಮುದುಕರೊಬ್ಬರ ಕಾಫಿ ಚೆಲ್ಲಿತು. ಕಿಲಿಯಾನ್ ತಲೆಯೆತ್ತಿ ಆಕಾಶದ ಕಡೆ ನೋಡಿದ. ಎಲ್ಲಿಂದ ಬಂತು ದನಿ ಎಂದು ಅವನಿಗೆ ತಿಳಿಯಲಿಲ್ಲ. ಆದರೆ ತಿರುಗಿಸಿದ.

ಆಮೇಲಿನ ದಿನಗಳು ಒಂದರೊಳಗೊಂದು ಕರಗಿಹೋಗಿವೆ. ಕಣ್ಣು ತೆರೆದರೆ ಒಂದು ಊರು, ಮುಚ್ಚಿ ತೆರೆದರೆ ಇನ್ನೊಂದು. ಕಲ್ಲುಹಾಸಿನ ಓಣಿಗಳು, ಕಮಾನಿನ ಕೆಳಗೆ ತಣ್ಣನೆ ನೆರಳು, ಎಲ್ಲೋ ಗಂಟೆ, ಯಾರೋ ಪಿಟೀಲು ಕಲಿಯುವ ಸದ್ದು. ಬ್ರಾಟಿಸ್ಲಾವಾದಲ್ಲಿ ಒಂದು ಬೆಕ್ಕು ನಮ್ಮ ಹಿಂದೆಯೇ ಇಡೀ ಬೀದಿ ನಡೆಯಿತು. ಎಸ್ಟರ್‌ಗೋಮ್‌ನಲ್ಲಿ ಬೆಟ್ಟದ ಮೇಲಿನ ದೊಡ್ಡ ಇಗರ್ಜಿಯ ಗುಮ್ಮಟ ಮೋಡದೊಳಗೆ ಹೋಗಿ ಬಂದು ಮಾಡುತ್ತಿತ್ತು. ಬುಡಾಪೆಸ್ಟ್‌ನ ದೀಪಗಳು ನೀರಿನಲ್ಲಿ ಅಲುಗಾಡುವುದನ್ನು ನೋಡುತ್ತ ನಾನು ಊಟ ಮರೆತೆ. ರೋಸ್ವಿಟಾ ಕೊಡೆ ಎತ್ತಿ ಹಿಡಿದ ಗೈಡಿನ ಹಿಂದೆ ಸ್ವಲ್ಪ ದೂರ ಬರುವಳು. ಆಮೇಲೆ ನೋಡಿದರೆ ಇಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೂತಿರುವಳು.

"ಅರಮನೆ ನೋಡ್ಲಿಲ್ವಲ್ಲೇ," ಎಂದರೆ, "ಇಲ್ಲಿ ನೀರು ಎಷ್ಟು ನಿಧಾನ ನೋಡು," ಎನ್ನುವಳು. ಒಮ್ಮೆ ಕೈಯನ್ನು ನೀರಿಗೆ ಅದ್ದಿ ಹೇಳಿದಳು: "ಬುರ್ಗಿ, ಈ ನೀರು ಮೊನ್ನೆ ನಮ್ಮ ಮನೆ ಮುಂದೆ ಇತ್ತು. ದಿನಾ ಎಡಗಡೆಯಿಂದ ಬಂದು ಬಲಗಡೆ ಹೋಗೋದು. ಎಲ್ಲಿಗೆ ಹೋಗ್ತೀಯಾ ಅಂತ ನಾನು ಕೇಳ್ಲೇ ಇಲ್ಲ."

ಅಷ್ಟುದ್ದ ಮಾತು ಅವಳ ಬಾಯಿಂದ ಕೇಳಿ ನನಗೆ ವರ್ಷಗಳೇ ಆಗಿದ್ದವು.

ಮೊಹಾಚ್ ಹಂಗೇರಿಯ ಗಡಿಗೆ ಮುಂಚಿನ ಕೊನೆಯ ಹಡಗುಕಟ್ಟೆ. ಅಲ್ಲಿ ಪಾಸ್‌ಪೋರ್ಟ್ ತಪಾಸಣೆಗೆ ಹಡಗು ಇಡೀ ಹಗಲು ನಿಲ್ಲುತ್ತದೆ. ಉಳಿದವರೆಲ್ಲ ಬಸ್ಸು ಹತ್ತಿ ಪೇಚ್ ಎಂಬ ಹಳೆಯ ಊರು ನೋಡಲು ಹೋದರು. ರೋಸ್ವಿಟಾ ಬಸ್ಸಿಗೆ ಬರಲಿಲ್ಲ, ಹಾಗಾಗಿ ನಾನೂ ಹೋಗಲಿಲ್ಲ. ದಡದಗುಂಟ ನಡೆದೆವು. ಪೋಪ್ಲರ್ ಮರಗಳ ಅರಳೆ ಗಾಳಿಯಲ್ಲಿ ತೇಲಿ ಬಂದು ತಲೆ, ಭುಜಗಳ ಮೇಲೆಲ್ಲ ಕೂರುತ್ತಿತ್ತು. ಮುಂದೆ ಒಂದು ಲಾಂಚ್ ಕಟ್ಟೆ ಕಂಡಿತು. ಕಾರು, ಟ್ರ್ಯಾಕ್ಟರು, ಜನ, ಎಲ್ಲ ಒಟ್ಟಿಗೆ ಆಚೆ ದಡಕ್ಕೆ ಹೋಗುವುದು.

"ಒಂದ್ಸಲ ಹೋಗಿ ಬರೋಣ," ಎಂದಳು ರೋಸ್ವಿಟಾ.

ಲಾಂಚ್ ಓಡಿಸುತ್ತಿದ್ದವನು ಬಿಳಿ ಮೀಸೆಯ ವೆಂಡೆಲ್. ನಡುಹೊಳೆಯಲ್ಲಿ ಲಾಂಚ್ ಹೊರಳಿದಾಗ ಎಲ್ಲರೂ ಒಂದು ಕಡೆ ವಾಲಿದರು, ರೋಸ್ವಿಟಾ ಒಬ್ಬಳು ನಿಂತಲ್ಲೇ ನಿಂತಿದ್ದಳು. ಅವನು ತನ್ನ ಗೂಡಿನ ಕಿಟಕಿಯಿಂದ ತಲೆ ಹೊರಹಾಕಿ ಹಂಗೇರಿಯದಲ್ಲಿ ಏನೋ ಕೇಳಿದ. ನಾವು ಪಿಳಿಪಿಳಿ ನೋಡಿದೆವು. ಆಗ ನಮ್ಮ ಜರ್ಮನ್ ಭಾಷೆಯಲ್ಲೇ ಶುರುಮಾಡಿದ. ಎಂಥ ಜರ್ಮನ್! ಅವನ ಹಿರಿಯರು ಯಾವುದೋ ಕಾಲದಲ್ಲಿ ಇದೇ ಹೊಳೆಯಲ್ಲಿ ಮರದ ದೋಣಿ ಹಿಡಿದು ಇಳಿದು ಬಂದ ಜರ್ಮನ್ ವಲಸಿಗರು, ಶ್ವಾಬರು. ಮಾತು ಅಂದು ಎಲ್ಲಿತ್ತೋ ಅಲ್ಲೇ ನಿಂತುಬಿಟ್ಟಿತ್ತು. ನಮ್ಮ ಅಜ್ಜಿಯ ಅಜ್ಜಿ ಎದ್ದು ಬಂದು ಮಾತಾಡಿದಂತಿತ್ತು.

"ಅಕ್ಕಾರ, ಯಾವ ಊರ ಹೊಳಿಯವ್ರರೀ ನೀವು?"

"ಹೊಳೆಯವಳು ಅಂತ ಹೇಗೆ ಗೊತ್ತಾಯ್ತು?"

"ಕಾಲ ಹೇಳ್ತಾವಲ್ರೀ! ಹೊಳಿ ಕಾಣದ ಮಂದಿ ಕಂಬಿ ಹಿಡಕೊಂಡ ನಿಲ್ತಾರ. ನೀವು ಗಿಡಾ ನಿಂತಂಗ ನಿಂತೀರಿ."

"ಹೊಳೆ ಮೇಲ್ಗಡೆಯವಳು. ನಮ್ದು ಹಗ್ಗದ ದೋಣಿ. ಎಂಜಿನ್ ಇಲ್ಲ."

"ಎಂಜಿನ್ ಇಲ್ಲೇನು! ಮತ್ತ ಹೊಳಿಗೆ ಏನರ ಲಂಚ ಕೊಡ್ತೀರೇನು?"

ರೋಸ್ವಿಟಾ ನಕ್ಕಳು. ಬಾಯಿ ತೆರೆದು, ಹೆಗಲು ಕುಣಿಯುವಂತೆ ನಕ್ಕಳು.

ಆಚೆ ದಡ ಮುಟ್ಟಿತು. ನಾನು ಇಳಿದೆ. ಅವಳು ಇಳಿಯಲಿಲ್ಲ. "ನೀನು ನೆರಳಲ್ಲಿ ಕೂತಿರು, ಬಂದೆ," ಎಂದಳು. ನಾನು ಮರದ ಕೆಳಗೆ ಕೂತೆ. ಲಾಂಚ್ ಹೋಯಿತು, ಬಂತು, ಮತ್ತೆ ಹೋಯಿತು. ಬಿಸಿಲು ನೀರಿನ ಮೇಲೆ ಮಲಗಿತ್ತು. ಅರಳೆ ಉದುರುತ್ತಲೇ ಇತ್ತು. ಅರೆನಿದ್ದೆಯಲ್ಲಿ ನಾನು ಕಂಡದ್ದು ಅವರಿಬ್ಬರ ತಲೆ: ಗೂಡಿನ ಒಳಗೊಂದು, ಹೊರಗೊಂದು. ಇಬ್ಬರೂ ಕೈಯಾಡಿಸಿ ಮಾತಾಡುತ್ತಿದ್ದರು. ಇಳಿಯದೆ ಹೋಗಿ ಬರುವ ಇನ್ನೊಬ್ಬನನ್ನು ನಾನು ಒಂದು ಬೇಸಿಗೆಯಿಡೀ ಕಂಡಿದ್ದೆ. ನಿದ್ದೆ ತಟಕ್ಕನೆ ಹಾರಿಹೋಯಿತು. ಲೋಯಿಸ್ ನನ್ನ ಅಣ್ಣ.

ಮಧ್ಯಾಹ್ನ ಬೇರೊಬ್ಬನು ಲಾಂಚ್ ಹಿಡಿದಾಗ ವೆಂಡೆಲ್ ನಮ್ಮನ್ನು ಈಚೆ ದಡದ ಮೇಲಿನ ತನ್ನ ಅಕ್ಕನ ಮನೆಗೆ ಕರೆದೊಯ್ದ. ಅಕ್ಕನ ಹೆಸರು ಲೋನಿ. ಇಬ್ಬರೂ ಒಂಟಿ ಜೀವಗಳು. ಅವನ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಅಂಗಳದಲ್ಲಿ ತೂಗುಬಿಟ್ಟ ಪಾತ್ರೆಯಲ್ಲಿ ಮೀನುಸಾರು ಕುದಿಯುತ್ತಿತ್ತು, ಮೆಣಸಿನಪುಡಿಗೆ ಕೆಂಡದಂತೆ ಕೆಂಪಾಗಿ.

"ತಿನ್ರಿ, ತಿನ್ರಿ. ಕಣ್ಣಾಗ ನೀರ ಬಂದ್ರ ಅಳಾಕತ್ತೀರಿ ಅಂತ ನಾವೇನೂ ತಿಳ್ಕೊಳ್ಳೂದುಲ್ಲ," ಎಂದಳು ಲೋನಿ.

ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಸಾರಿಗೇ ಇರಬೇಕು.

ಸಂಜೆ ಹಡಗಿನ ಕಡೆ ನಡೆಯುವಾಗ ರೋಸ್ವಿಟಾ ದಾರಿಯಲ್ಲಿ ನಿಂತಳು. "ಬುರ್ಗಿ, ನೀನು ಹೋಗು. ಹಡಗು ಇದೇ ದಾರೀಲಿ ವಾಪಸ್ ಬರುತ್ತಲ್ಲ, ಆಗ ಹತ್ಕೋತೀನಿ. ಲೋನಿ ಮನೇಲಿ ಒಂದು ಕೋಣೆ ಇದೆಯಂತೆ."

"ತಲೆ ಕೆಟ್ಟಿದ್ಯಾ? ಸಮುದ್ರದ ತನಕ ಊರಿನವ್ರು ಕೊಡ್ಸಿದಾರೆ!"

"ನೀನು ನೋಡ್ಕೊಂಡು ಬಂದು ಹೇಳು. ನೀನು ಚೆನ್ನಾಗಿ ಹೇಳ್ತೀಯ."

"ಊರಲ್ಲಿ ಕೇಳಿದ್ರೆ ನಾನೇನು ಹೇಳ್ಲಿ?"

"ಹೊಳೇಲಿ ಬಿದ್ಲು ಅನ್ನು," ಎಂದು ನಕ್ಕು, ಹಡಗಿನೊಳಗೆ ಹೋಗಿ ಪಾಸ್‌ಪೋರ್ಟ್ ಕೇಳಿ ತೆಗೆದುಕೊಂಡು, ತನ್ನ ಚೀಲ ಹಿಡಿದು ಇಳಿದೇ ಬಿಟ್ಟಳು. ಹಡಗಿನ ಮ್ಯಾನೇಜರ್ ಹುಡುಗಿ ಎರಡು ಸಲ ನನ್ನ ಮುಖ ನೋಡಿದಳು. ನಾನು ಮುಖ ತಿರುಗಿಸಿದೆ.

ಮುಂದಿನ ಊರುಗಳನ್ನು ನಾನೊಬ್ಬಳೇ ನೋಡಿದೆ. ನೋವಿ ಸಾದ್‌ನ ಕೋಟೆಯ ಗಡಿಯಾರದಲ್ಲಿ ದೊಡ್ಡ ಮುಳ್ಳು ಗಂಟೆ ತೋರಿಸುತ್ತದೆ, ಚಿಕ್ಕದು ನಿಮಿಷ. ಹೊಳೆಯವರಿಗೆ ದೂರದಿಂದ ಗಂಟೆ ಕಾಣಲಿ ಎಂದು ಹಾಗಂತೆ. ಅದನ್ನು ಹೇಳಲು ಪಕ್ಕಕ್ಕೆ ತಿರುಗಿದರೆ ಯಾರೂ ಇಲ್ಲ. ಕಬ್ಬಿಣದ ಬಾಗಿಲು ಎಂದು ಕರೆಯುವ ಕಣಿವೆಯಲ್ಲಿ ಬಂಡೆಗಳು ಎರಡೂ ಕಡೆಯಿಂದ ಬಾಗಿ ಬಂದಾಗ ಹಡಗಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಕೊನೆಗೆ ಹೊಳೆ ಕವಲು ಕವಲಾಗಿ ಜೊಂಡಿನಲ್ಲಿ ಹರಡಿ, ಯಾವುದು ನೀರು ಯಾವುದು ಆಕಾಶ ಎಂದು ತಿಳಿಯದಂತಾಯಿತು. ಬಿಳಿ ಹಕ್ಕಿಗಳ ಒಂದು ದೊಡ್ಡ ಹಿಂಡು ತಲೆಯ ಮೇಲೆ ಸುತ್ತುತ್ತಲೇ ಇತ್ತು. ಅಲ್ಲಿಯ ತನಕ ಹೊತ್ತು ತಂದಿದ್ದ ಸಿಟ್ಟು ಎಲ್ಲಿ ಇಳಿದುಹೋಯಿತೋ ನನಗೆ ತಿಳಿಯದು. ಇಷ್ಟು ದೂರ ಬಂದಮೇಲೆ ಯಾವ ನೀರೂ ಯಾರದೂ ಅಲ್ಲ ಅನ್ನಿಸಿತು.

ಹಿಂದಿರುಗುವಾಗ ಮೊಹಾಚ್‌ನ ಕಟ್ಟೆಯಲ್ಲಿ ಅವಳು ನಿಂತಿದ್ದಳು, ಬಿಸಿಲಿಗೆ ಕಂದಿದ ಮುಖ, ಕೈಯಲ್ಲಿ ಮೆಣಸಿನಪುಡಿಯ ಡಬ್ಬಿ. ತಬ್ಬಿಕೊಂಡಾಗ ಈರುಳ್ಳಿಯ, ಡೀಸೆಲಿನ ವಾಸನೆ. ವೆಂಡೆಲ್ ಟೋಪಿ ತೆಗೆದು ನನಗೆ ತಲೆಬಾಗಿದ. "ಇಕಿನ್ನ ಕಳಸಾಕ ಮನಸಿಲ್ಲರೀ ಅಕ್ಕಾರ. ಆದ್ರ ಕೋಳಿ ಅದಾವಂತ," ಎಂದ.

ಹಡಗು ಹೊರಟ ಮೇಲೆ ನಾವಿಬ್ಬರೂ ಮೇಲಿನ ಅಟ್ಟದಲ್ಲಿ ಕೂತೆವು.

"ಸಿಟ್ಟಾ?" ಎಂದಳು.

"ಇಲ್ಲ."

"ಸುಳ್ಳು."

"ಇತ್ತು. ಜೊಂಡಿನಲ್ಲಿ ಬಿಟ್ಟು ಬಂದೆ."

ಮೆಣಸಿನಪುಡಿಯ ಡಬ್ಬಿಯನ್ನು ಮಡಿಲಿಗಿಟ್ಟುಕೊಂಡಳು. "ಅವನು ಲೋಯಿಸ್ ಅಲ್ಲ ಬುರ್ಗಿ. ಲೋಯಿಸ್ ಥರ ಇರ್ಲಿ ಅಂತ ನಂಗೂ ಅನ್ಸಿಲ್ಲ. ಅವನ ಹತ್ರ ಇದ್ರೆ ಮಾತಾಡ್ಬೇಕು ಅನ್ಸುತ್ತೆ, ಅಷ್ಟೇ. ನನ್ನ ದನಿ ನಂಗೇ ಮರ್ತುಹೋಗಿತ್ತು."

"ನನ್ನ ಹತ್ರ ಮಾತಾಡ್ಬಹುದಿತ್ತಲ್ಲ."

"ನಿನ್ನ ಮುಖದಲ್ಲಿ ಲೋಯಿಸ್‌ನ ಮೂಗಿದೆ. ನೋಡಿದ್ರೆ ಗಂಟ್ಲು ಕಟ್ಟುತ್ತೆ."

ನಾನು ಮೂಗು ಮುಟ್ಟಿ ನೋಡಿಕೊಂಡೆ. ಇಬ್ಬರೂ ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು. ಆಮೇಲೆ ಅವಳು ಸಮುದ್ರದ ಬಾಯಿ ಹೇಗಿತ್ತು ಎಂದು ಕೇಳಿದಳು. ಬುಡಾಪೆಸ್ಟ್ ಬರುವ ತನಕ ನಾನು ಹೇಳಿದೆ, ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

ಮರುವರ್ಷ ವಸಂತದಲ್ಲಿ ಅವಳು ರೈಲಿನಲ್ಲಿ ಮೊಹಾಚ್‌ಗೆ ಹೊರಟಳು. ಹೊರಡುವ ಮುಂಚೆ ಸಮಾಧಿಯ ಹತ್ತಿರ ಹೋಗಿದ್ದೆವು. ಅವಳು ಕಳೆ ಕೀಳುತ್ತ, ಪಕ್ಕದ ಕೋಣೆಯಲ್ಲಿರುವವನಿಗೆ ಹೇಳುವಂತೆ ಹೇಳಿದಳು: "ಲೋಯಿಸ್, ಬೇಸಿಗೆಗೆ ಕೆಳಗೆ ಹೋಗಿ ಬರ್ತೀನಿ. ಹೂವಿಗೆ ಬುರ್ಗಿ ನೀರು ಹಾಕ್ತಾಳೆ."

"ನನ್ನನ್ನ ಒಂದು ಮಾತು ಕೇಳಿದ್ಯೇನೇ?" ಎಂದೆ.

"ಈಗ ಕೇಳ್ತಿದೀನಲ್ಲ."

ದ್ರಾಕ್ಷಿ ಕೊಯ್ಲಿಗೆ ಅವಳು ವಾಪಸು ಬಂದಾಗ ಜೊತೆಗೆ ವೆಂಡೆಲ್ ಕೂಡ ಬಂದ. ಊರಿನ ಬಾಯಿಗೆ ಹಬ್ಬವಾಯಿತು. ಮೇಯರನ ಹೆಂಡತಿ ಬೇಕೆಂದೇ ದ್ರಾಕ್ಷಿ ಸಾಲಿನ ನಡುವೆ ನಿಂತು ಜೋರಾಗಿ ಕೇಳಿದಳು: "ಇವರು ಯಾರು ರೋಸ್ವಿಟಾ, ಯಾವ ಕಡೆ ನೆಂಟರು?"

"ಹೊಳೆ ಕಡೆ ನೆಂಟರು," ಎಂದಳು ರೋಸ್ವಿಟಾ ಕತ್ತರಿ ನಿಲ್ಲಿಸದೆ.

ಮದುವೆಯ ಮಾತನ್ನು ಅವರಿಬ್ಬರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಬೇಸಿಗೆಯಲ್ಲಿ ಅವಳು ಅಲ್ಲಿ, ಕೊಯ್ಲಿನಿಂದ ಕ್ರಿಸ್‌ಮಸ್ ತನಕ ಅವನು ಇಲ್ಲಿ. ಈಗ ಸಂಜೆಯ ಸೂಪಿಗೆ ನಾವು ಮೂವರು. ಸೂಪು ತಣ್ಣಗಾಗಿಹೋಗುತ್ತದೆ, ಅಷ್ಟು ಮಾತು. ಬಿಸಿಮಾಡಲು ಮತ್ತೆ ಮತ್ತೆ ಏಳಬೇಕಾದವಳು ನಾನು.